ಒಲೆಯ ಮೇಲೆ ಹೊರಿಸಿದ ತಪ್ಪು

ಗುರುವಾರ, ಮಧ್ಯಾಹ್ನ

ಮುದ್ದು ಗುಬ್ಬಿ,

ಹೇಗಿದ್ದೀಯೇ? ನಿನ್ನ ಕಾಗದಕ್ಕೆ ಉತ್ತರ ಬರೆಯದ ಈ ಅಕ್ಕನನ್ನು ಮೊದಲು ಮನಸಾರೆ ಬೈದುಬಿಡು, ಆಮೇಲೆ ಮುಂದೆ ಓದು. ಬೇಕರಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಇದು ದೂರಲ್ಲ, ಜಂಬ! ಒಲೆಯ ಕೆಲಸ ಮತ್ತೆ ನನ್ನ ಕೈಗೆ ಬಂದಿದೆ.

ಕೈ ತಪ್ಪಿದ್ದು ಹೇಗೆ ಗೊತ್ತಾ? ನಮ್ಮ ಹಳೇ ಒಲೆಯಲ್ಲಿ ಬಿಸಿ ತೋರಿಸುವ ಮುಳ್ಳು ಕೆಟ್ಟು ಯಾವ ಕಾಲವಾಯಿತೋ. ಬಾಗಿಲು ತೆರೆದಾಗ ಮುಖಕ್ಕೆ ಹೊಡೆಯುವ ಝಳದಲ್ಲೇ ಹದ ಹೇಳುವವಳು ನಾನು. ಗರ್ಭಕಂಠದ ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟರಲ್ಲ, ಗೆಡ್ಡೆಯೇನೋ ಹೋಯಿತು, ಜೊತೆಗೆ ಅಂಡಾಶಯಗಳೂ ಕೆಲಸ ನಿಲ್ಲಿಸಿದವು. ಮೂವತ್ತೈದಕ್ಕೇ ಮುಟ್ಟು ನಿಂತು, ಗಳಿಗೆಗೊಮ್ಮೆ ಮೈಯೆಲ್ಲ ಉರಿ, ಬೆವರು. ಯಾವುದು ಒಲೆಯ ಬಿಸಿ, ಯಾವುದು ನನ್ನದು ಅಂತ ಹೇಗೆ ತಿಳಿಯಬೇಕು? "ಉರಿ ಜಾಸ್ತಿಯಾಯ್ತು, ತಗ್ಗಿಸ್ರೋ!" ಎಂದು ಕೂಗಿದೆ. ತಗ್ಗಿಸಿದರು. ಶಾಲೆಗೆ ಹೋಗಬೇಕಿದ್ದ ಬನ್ನುಗಳೆಲ್ಲ ಒಳಗೆ ಹಸಿಹಿಟ್ಟು! ಮಾಲೀಕರು ಒಂದನ್ನು ಮುರಿದು ನೋಡಿ, "ಏನಮ್ಮಾ ಇದು, ತಿನ್ನೋದಕ್ಕೋ ಗೋಡೆಗೆ ಮೆತ್ತೋದಕ್ಕೋ?" ಎಂದರು. ನಾನು ಒಲೆಯನ್ನೇ ಬೈದೆ. ನನ್ನನ್ನು ಪೊಟ್ಟಣ ಕಟ್ಟುವ ಮೇಜಿಗೆ ಕಳಿಸಿದರು. ಮನೆಗೆ ಬಂದು ಅತ್ತುಬಿಟ್ಟೆ.

ನಿನ್ನ ಭಾವ ರೇಗಿದರು. "ಡಾಕ್ಟರಮ್ಮ ಹಾರ್ಮೋನ್ ಬರ್ಕೊಟ್ಟು ಎಷ್ಟು ದಿನ ಆಯ್ತು? ಯಾಕೆ ಮುಟ್ತಾ ಇಲ್ಲ ನೀನು?" ಭಯ ಕಣೆ! ಅದರಿಂದಲೇ ಗೆಡ್ಡೆ ವಾಪಸ್ ಬಂದರೆ? ಅವರು ಬಿಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಡಾಕ್ಟರಮ್ಮ, "ನಿಮಗೆ ಬಂದಿದ್ದ ಬಗೆಯ ಕ್ಯಾನ್ಸರಿಗೆ ಈ ಹಾರ್ಮೋನಿಂದ ಭಯ ಇಲ್ಲಮ್ಮ. ತಗೊಳ್ಳದಿದ್ರೇನೇ ಮೂಳೆ ಸವೆಯುತ್ತೆ, ಹೃದಯಕ್ಕೂ ಒಳ್ಳೇದಲ್ಲ. ಗರ್ಭಕೋಶ ಒಳಗೇ ಇರೋದ್ರಿಂದ, ಚರ್ಮಕ್ಕೆ ಅಂಟಿಸೋ ಹಾರ್ಮೋನ್ ಪಟ್ಟಿ ಜೊತೆ ಮಾತ್ರೆನೂ ಬೇಕು. ಮಗು ಮಾತ್ರ ಇದರಿಂದ ಆಗಲ್ಲ, ಆ ಆಸೆ ಇಟ್ಕೋಬೇಡಿ" ಎಂದರು. ಕೊನೆಯ ಮಾತು ನುಂಗಲು ಬಹಳ ಕಷ್ಟವಾಯಿತು. ನುಂಗಿದೆ.

ಈಗ ಸೊಂಟದ ಕೆಳಗೊಂದು ಪಟ್ಟಿ, ಮಲಗುವಾಗೊಂದು ಮಾತ್ರೆ. ಉರಿ ಇಳಿದಿದೆ, ನಿದ್ದೆ ಹತ್ತುತ್ತದೆ. ನಿನ್ನ ಭಾವನ ಮೇಲೆ ಹರಿಹಾಯುವುದೂ ಕಡಿಮೆಯಾಗಿದೆ. ಪಾಪ, ಬೇಜಾರಾಗಿ ಈಗ ತಾವೇ ಕೆಣಕುತ್ತಾರೆ. ಮೊನ್ನೆ ಮಾಲೀಕರನ್ನು ಕೇಳಿಕೊಂಡು ಒಲೆಯ ಬಾಗಿಲು ತೆರೆದು, "ಇನ್ನೂ ಕಾಯ್ಬೇಕು" ಎಂದೆ. ಮಾಲೀಕರು ತಾವೇ ಉರಿ ಹೆಚ್ಚಿಸಿದರು. ಬನ್ನು ಅರಳಿಕೊಂಡು ಬಂತು ನೋಡು, ಮೊದಲನೆಯದನ್ನು ನಾನೇ ತಿಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾರ ಎತ್ತಬೇಡ. ನೂರು ಕಾಲ ತಣ್ಣಗಿರು.

ನಿನ್ನ ಅಕ್ಕ

ತಾ.ಕ.: ನೀನು ಬಸುರಿ ಎಂದು ಅಮ್ಮ ಬಾಯಿ ತಪ್ಪಿ ಹೇಳಿಬಿಟ್ಟಳು. "ಅಕ್ಕಂಗೆ ಹೇಳ್ಬೇಡಿ, ನೊಂದ್ಕೋತಾಳೆ" ಎಂದು ಮನೆಮಂದಿಗೆಲ್ಲ ತಾಕೀತು ಮಾಡಿದ್ದೀಯಂತೆ. ಡಾಕ್ಟರಮ್ಮನ ಮಾತಿಗೂ ನಾನು ಇಷ್ಟು ನೊಂದಿರಲಿಲ್ಲ ಕಣೆ. ಅಮ್ಮನಾಗುವುದು ನನ್ನ ಕೈ ತಪ್ಪಿತು, ಸರಿ. ದೊಡ್ಡಮ್ಮನಾಗುವುದನ್ನು ನೀನು ತಪ್ಪಿಸಬೇಡ.