ಗಂಟು ಬಿಚ್ಚಿದವರು

ಶಿಂಗಾಲ್, ಕೆಂಪು ಬುಧವಾರದ ಸಂಜೆ

ಪ್ರೀತಿಯ ಅಕ್ಕಾ,

ಕ್ಷೇಮವಾಗಿ ತಲುಪಿದೆ, ಊರಿನ ಗುರುತೇ ಸಿಗುವುದಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಮ್ಮ ಹೊಸ ವರ್ಷದ ಹಬ್ಬವೆಂದು ಬೆಸೆ ಅತ್ತೆಯ ಜೊತೆ, ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದ ನಮ್ಮ ಗುಡಿಗೆ ಹೋದೆ. ಹೊಸಿಲಿಗೆ ಮುತ್ತಿಟ್ಟು ಒಳಗೆ ಹೋದರೆ, ಕಂಬಗಳಿಗೆ ಹೊದಿಸಿ ನಾವೆಲ್ಲ ಹರಕೆಯ ಗಂಟು ಹಾಕಿದ್ದ ರೇಷ್ಮೆ ಬಟ್ಟೆ ಒಂದೂ ಇಲ್ಲ! ಸರ್ಕಾರದ ಸಾಹೇಬರು ಭಾಷಣಕ್ಕೆ ಬರುತ್ತಾರೆಂದು ಗುಡಿಯ ಕಮಿಟಿಯವರು ಎಲ್ಲ ತೆಗೆದು ಹೊಸ ಬಟ್ಟೆ ಹೊದಿಸಿದ್ದರು. ಹೊರಗೆ ಸಾಹೇಬರ ಡ್ರೈವರ್ ಅದೇ ಹಳೆಯ ರೇಷ್ಮೆಯಲ್ಲಿ ಕಾರಿನ ಗಾಜು ಒರೆಸುತ್ತಿದ್ದ. ಅತ್ತೆ ಅದನ್ನು ಕಿತ್ತುಕೊಂಡಳು.

"ನಿಮ್ಮಮ್ಮನ ತಲೆವಸ್ತ್ರದಲ್ಲೂ ಕಾರು ಒರೆಸ್ತೀಯೇನೋ? ಇದರಲ್ಲಿದ್ದ ಗಂಟೆಲ್ಲಾ ಎಲ್ಲೋ?"

"ಗಾಜಿಗೆ ಗೀಚ್ತಿತ್ತು ಅಜ್ಜಿ, ಬಿಚ್ಚಿಬಿಟ್ಟೆ."

ಅತ್ತೆ ನೇರ ಸಾಹೇಬರ ಎದುರಿಗೇ ಹೋಗಿ ನಿಂತಳು.

"ಯುದ್ಧದಲ್ಲಿ ಕಾಣೆಯಾದ ನಮ್ಮ ಮಕ್ಕಳು ಸಿಗಲಿ ಅಂತ ಹಾಕಿದ ಗಂಟು ಕಣಪ್ಪಾ ಇವು. ಒಬ್ಬರು ಹಾಕಿದ್ದನ್ನ ಇನ್ನೊಬ್ಬರು ಬಿಚ್ಚಿದ್ರೆ ಹರಕೆ ಈಡೇರ್ಲೇಬೇಕು. ನಿಮ್ಮೋರು ಬಿಚ್ಚಿ ಆಯ್ತಲ್ಲ, ಮಕ್ಕಳನ್ನ ತಂದ್ಕೊಡಿ. ಆಮೇಲೆ ಭಾಷಣ ಬಿಗೀರಿ!"

ಸಾಹೇಬರು ವಾಚು ನೋಡಿಕೊಂಡು ಕಾರು ಹತ್ತಿದರು. ಕಮಿಟಿಯವರು ನಮ್ಮನ್ನೇ ಬೈದರು.

ಅತ್ತೆಯ ಬಿಪಿ ಮಾತ್ರೆ ಮುಗಿದಿದೆ, ಬರುವವರ ಕೈಲಿ ಕಳಿಸು. ನಮ್ಮ ತಮ್ಮ ಬೆರ್ಕಾತನ ಹೆಸರಿನಲ್ಲಿ ನೀನು ಹಾಕಿದ್ದ ಗಂಟೂ ಹೋಯಿತು ಅಕ್ಕಾ. ಹೊಸ ಬಟ್ಟೆಯಲ್ಲಿ ನಾನೇ ಮತ್ತೆ ಹಾಕಿದ್ದೇನೆ. ಹಲ್ಲು ಕಚ್ಚಿ ಬಿಗಿದಿದ್ದೇನೆ. ಬಿಚ್ಚುವವನಿಗೆ ಬೆರಳು ನೋಯಲಿ.

ಕಾಗದದಲ್ಲಿ ಜಾಗ ಮುಗಿಯಿತು,
ಖುನಾವ್