ನನ್ನ ಕಾಲಿಗೆ ನಿನ್ನ ಹರಕೆ

ಸತ್ತೇಗಾಲ, ರಾಜಣ್ಣನ ಗದ್ದೆ ಬದು
೨ ಫೆಬ್ರವರಿ ೨೦೨೫, ಭಾನುವಾರ ಬೆಳಗ್ಗೆ

…ಅಲ್ಲ, ಅದು ಸರಿ ಬರಲಿಲ್ಲ. ಮತ್ತೆ ಮೊದಲಿಂದ ಶುರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ ಶಾಂತಮೂರ್ತಿ. ಈಗ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದ್ದರಲ್ಲಿ ಬೆರಳು ಜಾರಿ ಮಾತು ಅರ್ಧಕ್ಕೇ ಹೋಯಿತು. ಅದಕ್ಕೆ ಮುಂಚಿನದು ಮನೆಯಲ್ಲಿ ಕುಳಿತು ಹೇಳಿದ್ದು. ಅದರ ತುಂಬ ನಮ್ಮ ಮನೆಯವಳು ಶಿವರತ್ನ ಚಟ್ನಿಗೆ ಮಿಕ್ಸಿ ತಿರುಗಿಸಿದ ಸದ್ದೇ ಇದೆ. ಎರಡನ್ನೂ ಅಳಿಸಿಬಿಡು. ಇದನ್ನು ಕೇಳು. ನಿಮ್ಮೂರಿಗೇ ಬಂದು ಕುಳಿತಿದ್ದೇನೆ. ಗದ್ದೆ ಕುಯ್ಲಾಗಿದೆ, ಕೂಳೆ ಕಾಲಿಗೆ ಚುಚ್ಚುತ್ತದೆ, ಗೋಲಿಗೆ ನೆಟ್ಟ ಗಳ ಎಂದಿನ ಹಾಗೆ ವಾಲಿಕೊಂಡಿದೆ. ಆಟಕ್ಕೆ ಇನ್ನೂ ಹೊತ್ತಿದೆ.

ಪ್ರಿಯ ಸ್ನೇಹಿತನಿಗೆ ಕುಮಾರಸ್ವಾಮಿ ಮಾಡುವ ನಮಸ್ಕಾರಗಳು. ನಗಬೇಡ. ಹೈಸ್ಕೂಲಿನಲ್ಲಿ ಗೋವಿಂದಯ್ಯ ಮೇಷ್ಟ್ರು ನಮಗಿಬ್ಬರಿಗೂ ಕಾಗದ ಬರೆಯುವುದನ್ನು ಕಲಿಸಿದ್ದು ಹೀಗೇ ತಾನೆ? ಮೊದಲು ಕ್ಷೇಮ ಕೇಳ್ರೋ, ಜಗಳ ಆಮೇಲೆ ಆಡಿ, ಅಂತಿದ್ದರು. ಚೆಂಡು ಒದೆಯುವುದನ್ನು ಕಲಿಸಿದವರೂ ಅವರೇ. ಅದಕ್ಕೆ ಮೊದಲು ಕ್ಷೇಮ ಕೇಳುತ್ತೇನೆ. ನಿನ್ನ ಕಬ್ಬು ಹೇಗಿದೆ? ಪುಟ್ಟಗೌರಮ್ಮನ ಮಂಡಿ ನೋವು? ಇಷ್ಟು ದಿನ ಮಾತಾಡಿಸದೆ ಇದ್ದುದಕ್ಕೆ ತಪ್ಪು ತಿಳಿಯಬೇಡ. ತಪ್ಪು ನನ್ನದಲ್ಲ ಅನ್ನುವುದು ಬೇರೆ ಮಾತು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಇದನ್ನಾದರೆ ಎತ್ತಬೇಕಾಗಿಲ್ಲ, ಕಿವಿಗೆ ಹಿಡಿದರೆ ಸಾಕು.

ಕಾಲಿನ ಸುದ್ದಿ ಹೇಳುತ್ತೇನೆ. ಮೊಳಕಾಲಿನ ಕೆಳಗಿನ ಮೂಳೆ ಕೂಡಿದೆ, ಒಳಗಿನ ಕಬ್ಬಿಣದ ಸರಳು ಅಲ್ಲೇ ಇದೆ. ಮೈಸೂರಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಇನ್ನು ಓಡಬಹುದು, ಆಡಬಹುದು. ವಯಸ್ಸು ಮಾತ್ರ ನೆನಪಿಟ್ಟುಕೊಳ್ಳಿ" ಅಂದರು. ಪಕ್ಕದಲ್ಲಿದ್ದ ಶಿವರತ್ನ ಬಿಡಬೇಕಲ್ಲ, "ವಯಸ್ಸು ಗ್ಯಾನದಲ್ಲಿದ್ದಿದ್ರೆ ಐವತ್ರಲ್ಲಿ ಚೆಂಡೊದಿಯಕ್ಕೆ ಓಯ್ತಿದ್ರಾ ಸಾ?" ಅಂದಳು. ಇಬ್ಬರೂ ಸೇರಿ ನಕ್ಕರು. ನಮ್ಮ ಚಿಕ್ಕಮ್ಮ ಗುರುಬಸಮ್ಮನದು ಇನ್ನೊಂದು ರಗಳೆ. ನಾಟಿ ವೈದ್ಯರ ಹತ್ತಿರ ಪಟ್ಟು ಹಾಕಿಸದೆ ಆಪರೇಷನ್ ಮಾಡಿಸಿದ್ದಕ್ಕೆ ಆಯಮ್ಮನಿಗೆ ಇವತ್ತಿಗೂ ಸಿಟ್ಟು. ಬಂದಾಗಲೆಲ್ಲ ಕಾಲು ಮುಟ್ಟಿ ನೋಡಿ, "ಕಬ್ಣ ಮಡಗವ್ರಲ್ಲಪ್ಪ, ಮಳಗಾಲ್ದಲ್ಲಿ ತುಕ್ಕು ಇಡಿಯಲ್ವಾ?" ಅನ್ನುತ್ತಾಳೆ. ಮೋಟರ್ ವೈಂಡಿಂಗ್ ಮಾಡುವವನು ನಾನು, ತುಕ್ಕಿನ ವಿಷಯ ನನಗೇ ಪಾಠ.

ಇರಲಿ, ಆಡಲು ಶುರು ಮಾಡಿದೆ ಅಂತ ನಿನಗೆ ಸುದ್ದಿ ಬಂದಿರುತ್ತದೆ. ಆದರೆ ಏನು ಆಡಿದೆ ಅಂತ ಬಂದಿರುವುದಿಲ್ಲ. ಹೇಳುತ್ತೇನೆ, ಕೇಳಿಸಿಕೊ.

ಹೋದ ಭಾನುವಾರ ಹೊನ್ನೂರಿನಲ್ಲಿ ಮ್ಯಾಚು. ಶಿವರತ್ನ ಬರುತ್ತೇನೆ ಅಂದಳು. ಬಂದವಳು ಬರಿಗೈಯಲ್ಲಿ ಬಂದಳೇ? ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನಲ್ಲಿ ಬಿಸಿನೀರು, ನೋವಿನ ಎಣ್ಣೆ, ಟವಲು. ಆಟೋದಿಂದ ಇಳಿಸುವಾಗ ಹೊನ್ನೂರಿನವರು ಬಾಣಂತಿ ಬಂದಳೇನೋ ಅಂದುಕೊಂಡಿರಬೇಕು. ಸರಿ, ಸಹಿಸಿಕೊಂಡೆ. ಆಟ ಶುರುವಾಯಿತು. ಚೆಂಡು ನನ್ನ ಕಾಲಿಗೆ ಬಂತು. ಅವರ ಬ್ಯಾಕ್ ಬಿಳಿಗಿರಿ ಗೊತ್ತಲ್ಲ, ಚೆಂಡು ತಡೆಯಲು ಎಮ್ಮೆ ಹಾಗೆ ಮೈಮೇಲೆ ಬೀಳುವವನು, ಅವನು ಎದುರಿಗೆ ಓಡಿ ಬಂದ. ಬಂದವನು ನನ್ನ ಮುಂದೆ ಗಕ್ಕನೆ ನಿಂತ. ನಿಂತು ಪಕ್ಕಕ್ಕೆ ಸರಿದ. ಸರಿದು, "ಓಗಿ ಸಾ, ಓಗಿ, ನಿಧಾನ" ಅಂದ! ಎದುರು ತಂಡದ ಬ್ಯಾಕ್ ಕಣಯ್ಯ! ಕಂಡಕ್ಟರ್ ಹಾಗೆ ದಾರಿ ಬಿಡುತ್ತಿದ್ದಾನೆ!

ಮುಂದೆ ಹೋದೆ. ಇನ್ನೊಬ್ಬನೂ ಸರಿದ. ಗೋಲಿನಲ್ಲಿದ್ದವನು ನಾನು ಒದೆಯುವ ಮುಂಚೆಯೇ ಎಡಕ್ಕೆ ಬಿದ್ದು ಮಲಗಿಬಿಟ್ಟ. ಚೆಂಡು ಬಲಕ್ಕೆ ಉರುಳಿಕೊಂಡು ಉರುಳಿಕೊಂಡು ಗೋಲಿಗೆ ಹೋಯಿತು. ಎಲ್ಲರೂ ಚಪ್ಪಾಳೆ. ಅವರೂ, ನಮ್ಮವರೂ. ಶಿವರತ್ನ ಕುರ್ಚಿಯಿಂದ ಎದ್ದು, "ಸಾಕು ಬನ್ನಿ ಇನ್ನ, ಒಡದ್ರಲ್ಲ ಗೋಲು" ಅಂತ ಕೂಗಿದಳು. ನನ್ನ ಜೀವನದಲ್ಲಿ ಅಂಥ ಅವಮಾನ ಯಾವತ್ತೂ ಆಗಿರಲಿಲ್ಲ. ಬಿಳಿಗಿರಿಯನ್ನು ಹಿಡಿದು ಕೇಳಿದೆ.

"ಯಾಕ್ಲಾ ಅಡ್ಡ ಬರ್ನಿಲ್ಲ?"

"ಅಂಗಲ್ಲ ಕುಮಾರಣ್ಣ, ಮದ್ಲೇ ಮಾತಾಡ್ಕಂಡಿದ್ವಿ. ನಿಮ್ಮ ಕಾಲ್ತಾವ ಯಾರೂ ಓಗ್ಬ್ಯಾಡಿ ಅಂತ."

"ಮಾತಾಡ್ಕಂಡಿದ್ರಾ? ನನ್ನ ಕೇಳುದ್ರಾ?"

"ನಿಮ್ಮ ಕಾಲು ಮುರುದ್ರೆ ಪಾಪ ಯಾರ್ಗಣ್ಣ? ಸತ್ತೇಗಾಲದ ಸಾಂತಣ್ಣ ಎಂಗಾಗವ್ರೆ ನೋಡಿ, ಒಲ ಬುಟ್ಟು ಈಚ್ಗೇ ಬರಕಿಲ್ವಂತೆ."

ಅಲ್ಲಿಗೆ ನಿನ್ನ ಹೆಸರು ಬಂತು. ಹೊನ್ನೂರಿನವರಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಇದೇ ಗದ್ದೆಯಲ್ಲಿ ನಿನ್ನ ಕಾಲು ನನ್ನ ಕಾಲಿಗೆ ತಗುಲಿದ್ದು. ಇಲ್ಲಿಂದಲೇ ಆ ಜಾಗ ಕಾಣುತ್ತಿದೆ. ನೀನು ಬಂದದ್ದು ಚೆಂಡಿಗೆ. ಚೆಂಡಿಗೇ ಬಂದೆ, ಚೆಂಡು ಸಿಕ್ಕಿತು ಕೂಡ, ನನ್ನ ಕಾಲು ತಡವಾಗಿ ಬಂತು. ಫೌಲೇ ಅಲ್ಲ ಅದು. ಆಂಬುಲೆನ್ಸಿಗೆ ಎತ್ತುವಾಗಲೂ ಅದನ್ನೇ ಹೇಳುತ್ತಿದ್ದೆನಂತೆ, ಅವತ್ತು ವಿಸಲ್ ಹಿಡಿದಿದ್ದ ರಾಜಣ್ಣ ಹೇಳುತ್ತಾನೆ, "ಬ್ಯಾನೆಲೂ ಫೌಲಲ್ಲ ಫೌಲಲ್ಲ ಅಂತಿದ್ರಿ ಕಣಣ್ಣ" ಅಂತ.

ತಡಿ, ಟ್ರ್ಯಾಕ್ಟರ್ ಹೋಗುತ್ತಿದೆ, ಹೋಗಲಿ.

ಹಾಂ. ಮಂಗಳವಾರ ಕೊಳ್ಳೇಗಾಲದಲ್ಲಿ ಪುಟ್ಟಗೌರಮ್ಮ ಸಿಕ್ಕಿದರು, ನಿನ್ನ ಹೆಂಡತಿ, ತರಕಾರಿ ಮಾರ್ಕೆಟ್ಟಿನಲ್ಲಿ. ನನ್ನನ್ನು ಕಂಡು ಬೀನ್ಸ್ ಆಯುತ್ತಿದ್ದವರು ಕಣ್ಣಿಗೆ ಸೆರಗು ಹಚ್ಚಿದರು. ನಾನು ನೆಟ್ಟಗೆ ನಡೆಯುವುದನ್ನು ನೋಡಿ ಖುಷಿಗೆ ಅಂದುಕೊಂಡೆ. ಅಲ್ಲ. ನೀನು ಏನು ಮಾಡಿದ್ದೀಯ ಅಂತ ಆಗ ಹೇಳಿದರು.

"ನಿಮ್ಗೆ ಆಪ್ರೇಸನ್ ಆದ ದಿನ ಬೆಟ್ಟುಕ್ಕೆ ನಡ್ಕಂಡೋದ್ರು ಕಣಣ್ಣ, ಚಪ್ಲಿನೂ ಇಲ್ದೆ. ಮಾದಪ್ಪನ ಮುಂದ ನಿಂತ್ಕಂಡು, ಅವ್ನ ಕಾಲು ಕೂಡ್ಸು ತಂದೆ, ನಾನು ಇನ್ಯಾವತ್ತೂ ಚೆಂಡ್ಗೆ ಕಾಲು ತಾಗ್ಸಲ್ಲ ಅಂತ ಮಾತು ಕೊಟ್ಬುಟ್ಟು ಬಂದವ್ರೆ. ಈಗ ನಿಮ್ಮ ಕಾಲು ಕೂಡ್ಕತಲ್ಲ."

ಅಂದರೆ ನನ್ನ ಕಾಲು ಕೂಡಿದ್ದೇ ನಿನಗೆ ಆಟ ಮುಗಿಯಲು ಕಾರಣ! ನಾನು ಮನೆಯಲ್ಲಿ ಗೋಡೆ ಹಿಡಿದು ಹೆಜ್ಜೆ ಹಾಕುತ್ತಿದ್ದರೆ, ಒಂದೊಂದು ಹೆಜ್ಜೆಗೂ ನೀನು ಗದ್ದೆಯಿಂದ ಒಂದೊಂದು ಹೆಜ್ಜೆ ಆಚೆಗೆ ಹೋಗುತ್ತಿದ್ದೀಯ! ಅಲ್ಲ ಕಣೋ, ಯಾರಾದರೂ ಹೀಗೆ ಮಾಡುತ್ತಾರೆಯೇ? ತಲೆ ಕೂದಲು ಕೊಡು. ಬೆಟ್ಟದ ಮೆಟ್ಟಿಲು ತೊಳಿ. ಉರುಳು ಸೇವೆ ಮಾಡು. ಜನ ಬದನೆಕಾಯಿ ಬಿಡುತ್ತಾರೆ, ಹೆಚ್ಚೆಂದರೆ ಕಾಫಿ ಬಿಡುತ್ತಾರೆ. ನೀನು ಬಿಟ್ಟದ್ದು ನಿನ್ನದೊಂದೇ ಅಲ್ಲವಲ್ಲಪ್ಪ, ನನ್ನ ಎದುರಾಳಿಯನ್ನು ಬಿಟ್ಟೆ. ಕಾಲು ನನ್ನದು, ನೋವು ನನ್ನದು, ಮಾತು ಕೊಡುವಾಗ ನನ್ನನ್ನೊಂದು ಮಾತು ಕೇಳಬಾರದಿತ್ತೇ?

ಸಿಟ್ಟಿಗೆ ಮಾರನೇ ದಿನವೇ ಅಂಗಡಿ ಮುಚ್ಚಿ ನಾನೂ ಮಾದಪ್ಪನ ಬೆಟ್ಟದ ಬಸ್ ಹತ್ತಿದೆ. ತಪ್ಪುಕಾಣಿಕೆ ಕಟ್ಟಿ ನಿನ್ನ ಮಾತು ವಾಪಸ್ ತರೋಣ ಅಂತ. ಹನೂರು ದಾಟುವವರೆಗೂ ನಿನ್ನನ್ನು ಮನಸ್ಸಿನಲ್ಲೇ ಬೈದೆ, ತಾಳಬೆಟ್ಟ ಬರುವಾಗ ಬೈಗುಳ ಮುಗಿದಿತ್ತು, ಮತ್ತೆ ಮೊದಲಿನಿಂದ ಬೈದೆ. ಮೇಲೆ ಒಬ್ಬ ಹಿರಿಯ ತಮ್ಮಡಿಗಳು ಜಗಲಿಯಲ್ಲಿ ಕುಳಿತಿದ್ದರು, ಪೂಜೆ ಮಾಡುವವರು. ಅರಿಸಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿಕೊಂಡು ಹೋಗಿ ಅವರ ಮುಂದೆ ಇಟ್ಟು ಎಲ್ಲ ಹೇಳಿದೆ. ಪೂರ್ತಿ ಕೇಳಿದರು. ಕೇಳಿ ಗಂಟನ್ನು ನನ್ನ ಕಡೆಗೇ ತಳ್ಳಿದರು.

"ನೀನು ಬಿಚ್ಚಕಾಗಲ್ಲ ಮಗ. ಕಟ್ದೋನೆ ಬಂದು ಬಿಚ್ಬೇಕು."

"ಅವನು ಬರಲ್ಲ ಬುದ್ಧಿ. ದೇವರಿಗೆ ಕೊಟ್ಟ ಮಾತು ಅಂತಾನೆ."

"ಯಾರು ಕೇಳುದ್ರು ಆ ಮಾತ? ಎಪ್ಪತ್ತೇಳು ಮಲೆ ತಿರುಗ್ದೋನು ನಮ್ಮಪ್ಪ, ಉಲಿ ಮ್ಯಾಲೆ ಕುಂತ್ಕಂಡು. ಒಂದ್ಕಡೆ ನಿಂತೋನಲ್ಲ. ಅಂತೋನು ನಿಮ್ಮನ್ನ ಓಡಬ್ಯಾಡಿ ಅಂದನಾ? ಕರ್ಕಬಾ ಓಗು. ತಪ್ಪಾಯ್ತು ಅಂತ ಒಂದ್ಸತಿ ಅಡ್ಡಬಿದ್ರೆ ಆಯ್ತು. ಬತ್ತಾ ಜೊತೇಲಿ ಬನ್ನಿ."

ಇಷ್ಟೇ. ದೇವರ ಕಡೆಯಿಂದ ಅಡ್ಡಿ ಇಲ್ಲ. ಅಡ್ಡಿ ಇರುವುದು ನೀನು.

ಈಗ ಒಂದು ವಿಷಯ ಹೇಳುತ್ತೇನೆ, ಶಿವರತ್ನಳಿಗೆ ಹೇಳಿಲ್ಲ. ಹೊನ್ನೂರಿನಲ್ಲಿ ಬಿಳಿಗಿರಿ ಓಡಿ ಬಂದನಲ್ಲ, ಅವನು ಸರಿಯುವ ಮುಂಚೆ, ಅದಕ್ಕೂ ಅರೆಗಳಿಗೆ ಮುಂಚೆ, ನನ್ನ ಕಾಲೇ ಹಿಂದಕ್ಕೆ ಹೋಯಿತು. ನಾನು ಎಳೆದುಕೊಳ್ಳಲಿಲ್ಲ. ಅದೇ ಹೋಯಿತು, ಬಿಸಿ ಪಾತ್ರೆ ಮುಟ್ಟಿದ ಕೈ ಹಾಗೆ. ಮೂಳೆ ಕೂಡಿದೆ ಅಂತ ಡಾಕ್ಟರು ನನಗೆ ಹೇಳಿದ್ದಾರೆ, ಕಾಲಿಗೆ ಹೇಳಿಲ್ಲ. ಅದಕ್ಕೆ ಹೇಳುವುದು ಹೇಗೆ? ಯಾರಾದರೂ ನಿಜವಾಗಿ ಎದುರಿಗೆ ಬರಬೇಕು, ಚೆಂಡು ಕಿತ್ತುಕೊಳ್ಳಬೇಕು, ನಾನು ಬೀಳಬೇಕು, ಬಿದ್ದು ಎದ್ದು ಮಣ್ಣು ಕೊಡವಿಕೊಳ್ಳಬೇಕು. ಒಂದು ಸಲ ಆದರೆ ಮುಗಿಯಿತು. ಆದರೆ ಯಾರು ಬರುತ್ತಾರೆ? ಎಲ್ಲರೂ ದಾರಿ ಬಿಡುತ್ತಾರೆ. ಹೀಗೇ ದಾರಿ ಬಿಡುತ್ತಾ ಹೋದರೆ ಇನ್ನೊಂದು ತಿಂಗಳಿಗೆ ನಾನೇ ಬ್ಯಾಗು ಅಟ್ಟಕ್ಕೆ ಹಾಕುತ್ತೇನೆ, ಗೊತ್ತು ನನಗೆ. ಹೆದರಿದವನು ಅಂತ ಯಾರೂ ಅನ್ನುವುದಿಲ್ಲ, ವಯಸ್ಸಾಯಿತು ಅನ್ನುತ್ತಾರೆ. ಅದು ಇನ್ನೂ ಕೆಟ್ಟದ್ದು.

ಹೈಸ್ಕೂಲಿನಿಂದ ನನ್ನ ಕಾಲಿನಿಂದ ಚೆಂಡು ಕಿತ್ತುಕೊಂಡವನು ನೀನು. ನೀನು ಬಂದರೆ ನನ್ನ ಕಾಲು ನಂಬುತ್ತದೆ.

ಅದಕ್ಕೇ ಇವತ್ತು ಇಲ್ಲಿ ಕುಳಿತಿರುವುದು. ನಮ್ಮ ಕೊಳ್ಳೇಗಾಲಕ್ಕೂ ನಿಮ್ಮ ಸತ್ತೇಗಾಲಕ್ಕೂ ಆಟ, ನಿಮ್ಮ ಕಡೆ ಬ್ಯಾಕಿನ ಜಾಗ ನಿನ್ನದು. ನಿನ್ನ ಮನೆ ಇಲ್ಲಿಂದ ಕೂಗಳತೆ. ತಿಂಡಿ ತಿಂದಿದ್ದರೆ ಬಾ, ತಿಂದಿಲ್ಲದಿದ್ದರೂ ಬಾ. ಶಿವರತ್ನ ಚಿತ್ರಾನ್ನ ತಂದಿದ್ದಾಳೆ, ಕುರ್ಚಿಯೂ ತಂದಿದ್ದಾಳೆ. ನಾಳೆ ಇಬ್ಬರೂ ಬೆಟ್ಟಕ್ಕೆ ಹೋಗೋಣ, ಅಡ್ಡಬೀಳೋಣ. ಇವತ್ತಿನ ತಪ್ಪನ್ನೂ ನಾಳೆಯ ಕಾಣಿಕೆಗೇ ಸೇರಿಸಿಕೊಳ್ಳುತ್ತಾನೆ ಮಾದಪ್ಪ, ಅಷ್ಟು ಲೆಕ್ಕಾಚಾರದವನಲ್ಲ.

ಪುಟ್ಟಗೌರಮ್ಮನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಗೆ ಆಶೀರ್ವಾದ. ನಿನಗೂ ಆಶೀರ್ವಾದ, ನಾನು ನಿನಗಿಂತ ಎರಡು ತಿಂಗಳು ದೊಡ್ಡವನು. ಮಾದಪ್ಪ ನಿನಗೆ ಒಳ್ಳೆಯದು ಮಾಡಲಿ, ಬುದ್ಧಿಯನ್ನೂ ಕೊಡಲಿ.

ಇಂತಿ ನಿನ್ನ,
ಕುಮಾರ

*

ಶಾಂತ, ಇನ್ನೊಂದು. ಸಹಿ ಹಾಕಿದ ಮೇಲೆ ಹೇಳುವ ಮಾತು, ಮುಖ್ಯವಾದದ್ದಲ್ಲ. ಅಲ್ಲ, ಮುಖ್ಯವಾದದ್ದೇ.

ಬೆಟ್ಟದಿಂದ ಬಂದ ಮಾರನೇ ದಿನ ಬೈಕ್ ತಕ್ಕೊಂಡು ನಿನ್ನ ಹೊಲದ ಹತ್ತಿರ ಬಂದಿದ್ದೆ. ತಮ್ಮಡಿಗಳು ಹೇಳಿದ್ದನ್ನು ಹೇಳೋಣ ಅಂತ. ದೂರದಿಂದಲೇ ಕಂಡೆ ನಿನ್ನನ್ನು. ಬದುವಿನ ಮೇಲೆ ಸನಿಕೆ ಹಿಡಿದು ನೀರು ತಿರುಗಿಸುತ್ತಿದ್ದೆ. ನನ್ನ ಬೈಕಿನ ಸದ್ದು ನಿನಗೆ ಗೊತ್ತು. ತಲೆ ಎತ್ತಿ ನೋಡಿದೆ. ಸನಿಕೆ ಅಲ್ಲೇ ಬಿಟ್ಟು ಕಬ್ಬಿನೊಳಕ್ಕೆ ಹೋಗಿಬಿಟ್ಟೆ.

ನಾನು ರಸ್ತೆಯಲ್ಲಿ ನಿಂತಿದ್ದೆ. ಗಾಳಿ ಇರಲಿಲ್ಲ. ನೀನು ನಿಂತಿದ್ದ ಕಡೆ ಮಾತ್ರ ಕಬ್ಬಿನ ಗರಿ ಅಲ್ಲಾಡುತ್ತಿತ್ತು. ನೀರು ಕಾಲುವೆಯ ಬಾಯಿ ಒಡೆದು ರಸ್ತೆಗೆ ಹರಿದು ಬಂತು, ನನ್ನ ಚಪ್ಪಲಿವರೆಗೂ ಬಂತು, ಆದರೂ ನೀನು ಈಚೆಗೆ ಬರಲಿಲ್ಲ. ಕೂಗೋಣ ಅನ್ನಿಸಿತು. ಏನಂತ ಕೂಗಲಿ? ನಲವತ್ತು ವರ್ಷದ ಸ್ನೇಹಿತನಿಗೆ ಹೆದರಿಕೊಂಡು ಬಚ್ಚಿಟ್ಟುಕೊಂಡವನನ್ನು ಹೆಸರು ಹಿಡಿದು ಕೂಗಲು ನನಗೆ ಬಾಯಿ ಬರಲಿಲ್ಲ. ಬೈಕ್ ತಿರುಗಿಸಿಕೊಂಡು ಹೋದೆ.

ಮೂಳೆ ಮುರಿದಾಗ ಅಳಲಿಲ್ಲ ಕಣೋ ನಾನು. ಫೌಲಲ್ಲ ಅಂದುಕೊಂಡೇ ಮೈಸೂರು ತಲುಪಿದೆ. ಅವತ್ತು ಮಾತ್ರ ಮುಡಿಗುಂಡದ ಹತ್ತಿರ ಬೈಕ್ ನಿಲ್ಲಿಸಬೇಕಾಯಿತು, ರಸ್ತೆ ಕಾಣಲಿಲ್ಲ.

ನನ್ನನ್ನು ಕಂಡು ನೀನು ಓಡಿಹೋಗುವ ಹಾಗೆ ನಾನೇನು ಮಾಡಿದೆ, ಅದಾದರೂ…

"ಕುಮಾರಣ್ಣಾ! ಏ ಕುಮಾರಣ್ಣ! ಬನ್ನಿ, ವಿಸಲ್ ಊದ್ತೀನಿ!"

ರಾಜಣ್ಣ ಕರೀತವ್ನೆ, ತಡಿ. ಬಂದೆ ಕಣಯ್ಯ!

"ನಮ್ಮೂರೋರು ಒಬ್ರು ಕಮ್ಮಿ ಅವ್ರೆ ಕಣಣ್ಣ, ಬ್ಯಾಕಿಗೆ! ಎಂಗ್ ಮಾಡನ?"

ಯಾರ್ನೂ ಆಕ್ಬ್ಯಾಡ ಅಲ್ಲಿಗೆ. ಖಾಲಿ ಬುಡು.

"ಅತ್ತೇ ಜನ ಅಂತ ಬರ್ಕಳನಾ ಮತ್ತೆ?"

ಅನ್ನೊಂದು ಬರ್ಕೊ ರಾಜಣ್ಣ. ಅನ್ನೊಂದೇ ಬರ್ಕೊ. ಬತ್ತಾನೆ ಅಂದೆನಲ್ಲಪ್ಪ!

ಇಡ್ತೀನಿ ಕಣ್ಲಾ ಶಾಂತ.