ಎರಡನೇ ಗೇಟಿನ ಚರಗ

ಡಿ. 14, ಶನಿವಾರ
ಎರಡನೇ ಗೇಟಿನ ಕಾವಲು, ಬೆಳಗಿನ ಶಿಫ್ಟ್. ನಲವತ್ತು ಲಾರಿ ಒಳಗೆ, ಮೂವತ್ತೆಂಟು ಹೊರಗೆ. ನಿಂತು ನಿಂತು ಕಾಲು ಊದಿವೆ. ಸಮುದ್ರ ಎಲ್ಲಿ, ನಮ್ಮ ವಡಗೇರಾ ಎಲ್ಲಿ — ಆದರೂ ನಮ್ಮದು ಬಂದರು! ಡ್ರೈ ಪೋರ್ಟ್ ಅಂತೆ. ಹಡಗಿನ ಕಂಟೇನರ್‌ಗಳೆಲ್ಲ ನಮ್ಮ ಹೊಲದಲ್ಲೇ ಇಳಿಯುತ್ತವೆ. ಹೊಲ ಹೋಯಿತು, ಮನೆಗೊಂದು ನೌಕರಿ ಬಂತು. ಅಣ್ಣ ಬಾಲರಾಜ ಅದನ್ನು ನನಗೇ ಬಿಟ್ಟುಕೊಟ್ಟು ತಾನು ಕೂಲಿಗೆ ಹೋಗುತ್ತಾನೆ. ನೆನೆದರೆ ಅನ್ನ ಇಳಿಯುವುದಿಲ್ಲ.

ಡಿ. 27, ಶುಕ್ರವಾರ
ಸೋಮವಾರ ಎಳ್ಳಮಾಸಿ, ಹೊಲಕ್ಕೆ ಚರಗದ ಎಡೆ ಚೆಲ್ಲುವ ಅಮಾವಾಸ್ಯೆ. ಅವ್ವ ಸಜ್ಜೆ ಬೀಸಿಸಿ ತಂದಿದ್ದಾಳೆ.
"ಚರಗ ಎಲ್ಲಿ ಚೆಲ್ತಿ, ಅವ್ವಾ?"
"ನಮ್ಮ ಹೊಲದಾಗ. ಮತ್ತೆಲ್ಲಿ?"
"ಅದೀಗ ಕಂಪನಿದು."
"ಕಾಗದ ಕಂಪನಿದು. ಭೂಮ್ತಾಯಿ ವರ್ಷಕ್ಕೊಮ್ಮಿ ನಮ್ಮ ಕೈಲೆ ಉಣ್ಣಾಕಿ. ಉಪಾಸ ಕೆಡವ್ಲೇನು?"
ಕೇಳದೆ ಯಾರನ್ನಾದರೂ ಒಳಗೆ ಬಿಟ್ಟರೆ ನೌಕರಿ ಹೋಯಿತೆಂದೇ ಲೆಕ್ಕ. ಕಡೆಗೆ ನಾನೇ ಒಪ್ಪಿಕೊಂಡೆ — ಬುತ್ತಿ ಕೊಡು, ನಾನೇ ಚೆಲ್ಲಿ ಬರ್ತೀನಿ.

ಡಿ. 30, ಮಧ್ಯಾಹ್ನ
ಬುತ್ತಿ ಹಿಡಿದು ಒಳಗೆ ಹೋದೆ. ನಮ್ಮ ಹೊಲವೇ ಸಿಗಲಿಲ್ಲ. ಬದು ಇಲ್ಲ, ಅವ್ವ ಪೂಜಿಸುತ್ತಿದ್ದ ಬನ್ನಿಗಿಡ ಕಡಿದು ಯಾವ ಕಾಲವಾಯಿತು (ಅವಳಿಗೆ ನಾನಿನ್ನೂ ಹೇಳಿಲ್ಲ), ಎಲ್ಲ ಕಾಂಕ್ರೀಟು. ನಿನ್ನೆ ಕೆಂಪು ಕಂಟೇನರ್ ಇದ್ದಲ್ಲಿ ಇವತ್ತು ನೀಲಿ. ಮೇಲೆ ಕ್ಯಾಮೆರಾ. ಚೆಲ್ಲದೆ ವಾಪಸ್ ಬಂದೆ.
ಸೂಪರ್‌ವೈಸರ್ ನಸೀರುದ್ದೀನ್ ಸಾಹೇಬರು ಮೂಸಿ ನೋಡಿದರು. "ಭಜ್ಜಿ ಪಲ್ಯ ಏನೋ ದೇವಿಂದ್ರ? ನಮ್ಮ ಶಹಾಪುರದಾಗ ಹೊಲಕ್ಕ ಕರ್ದು ಉಣಸ್ತಿದ್ರು."
ಇಬ್ಬರೂ ಕೂತು ತಿಂದೆವು. ರುಚಿ ಇತ್ತು. ಅದಕ್ಕೇ ಹೆಚ್ಚು ನಾಚಿಕೆ.

ಸಂಜೆ
"ನಾಕೂ ಮೂಲಿಗಿ ಚೆಲ್ಲಿದೇನು?"
"ಚೆಲ್ಲೀನಿ."
"ಬನ್ನಿಗಿಡ ಅದ ಏನು?"
"ಅದ... ಚಿಗತಾದ."
ಅವ್ವ ನಕ್ಕಳು. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಆ ಗಿಡ ಕಡಿದ ಕೂಲಿಗಳಲ್ಲಿ ಅವನೂ ಒಬ್ಬ.

ಜ. 4
ಬೆಳಿಗ್ಗೆ ಗೇಟಿಗೆ ಅವ್ವ! ಕೈಯಲ್ಲಿ ಹೊಸ ಕುಪ್ಪಸದ ಖಣ. "ಗಿಡಕ್ಕ ಉಡಿ ತುಂಬಿ ಬರ್ತೀನಿ, ಬಿಡು." ಸಾಹೇಬರು ಬೇಡ ಅಂದಾರು ಎಂದುಕೊಂಡಿದ್ದೆ. "ಹತ್ತು ನಿಮಿಷ, ಕರ್ಕೊಂಡು ಹೋಗು" ಅಂದುಬಿಟ್ಟರು.
ನನಗೆ ದಾರಿ ತಿಳಿಯದು. ಅವ್ವನೇ ಮುಂದಾದಳು. ನೆಟ್ಟಗೆ ನಡೆದು ಒಂದು ಕಡೆ ನಿಂತಳು, ಕಾಂಕ್ರೀಟಿನ ಮೇಲೆ ಖಣ ಹಾಸಿದಳು.
"ಇಲ್ಲೇ. ಕಡಿದ ದಿನಾನ ಬಾಲರಾಜ ಅತ್ತು ಹೇಳಿದ್ದ. ಐದು ದಿನ ಕಾದೆ, ನೀನೂ ಹೇಳ್ತಿ ಅಂತ."
ಚರಗ ಚೆಲ್ಲಿಲ್ಲ ಅಂತ ಹೇಳಿಬಿಟ್ಟೆ. ತಿಂದದ್ದನ್ನೂ ಹೇಳಿದೆ. ಅವ್ವ ನನ್ನ ಕಡೆ ನೋಡಲಿಲ್ಲ. ಬಗ್ಗಿ, ನೆಲಕ್ಕೆ ಕೈಯಿಟ್ಟು ಹೇಳಿದಳು — "ಈ ವರ್ಷ ನಿನ್ನ ಪಾಲು ನನ್ನ ಮಗ ಉಂಡಾನ, ತಾಯಿ. ಸಿಟ್ಟಾಗಬ್ಯಾಡ. ಅವಗೂ ಹಸಿವು..."
ಹಿಂದೆ ಲಾರಿ ಹಾರನ್. ಗೇಟಿನಲ್ಲಿ ಯಾರೂ ಇಲ್ಲ, ಓಡಬೇಕಿತ್ತು. ಓಡಲಿಲ್ಲ. ಅವ್ವನ ಪಕ್ಕ ಕೂತೆ. ಆಮೇಲೆ ನಾನೂ ನೆಲಕ್ಕೆ ಕೈಯಿಟ್ಟೆ.